ಉಡಿ ತುಂಬಿಸಿಕೊಂಡು ಹೋದ ಡಬ್ಬಾ

ನನ್ನ ಡಬ್ಬಾ ಗುಜರಿಗೆ ಹೋಗಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಗುಜರಿಗೇ ಹೋಗುತ್ತದೆ ಎಂದು ನಾರಾಯಣಖೇಡದ ಮಾರ್ಕೆಟ್ ಓಣಿಯಲ್ಲಿ ಹೇಳಿದವರು ಒಬ್ಬಿಬ್ಬರಲ್ಲ. ಅವರೆಲ್ಲ ಈಗ ಜಹೀರಾಬಾದಿಗೆ ಹೋದಾಗ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಹಣಿಕಿ ಹಾಕಿ ನೋಡಿ ಬರಬಹುದು. ಹಸಿರು ತಗಡಿನ ಡಬ್ಬಾ ಅಂಗಡಿ, ಅದರ ಮುಂದೆ ಮೋರಿ, ಮೋರಿಯ ಮೇಲೆ ಒಂದು ಫರಸಿ ಕಲ್ಲು. ಒಳಗೆ ನನ್ನ ಮೊಮ್ಮಗಳು ಕೂತಿರುತ್ತಾಳೆ, ಮೊಬೈಲಿನ ಹೊಟ್ಟೆ ಬಿಚ್ಚಿಕೊಂಡು, ಕೂದಲೆಳೆಯಂಥ ತಂತಿಗಳನ್ನು ಚಿಮಟಿಗೆಯಿಂದ ಹಿಡಿದು. ಅವಳನ್ನು ಹಾಗೆ ನೋಡಿದಾಗಲೆಲ್ಲ ನನಗೆ ಎದೆಯೊಳಗೆ ಹಾಲು ಉಕ್ಕಿದಂತಾಗುತ್ತದೆ. ಈ ವಯಸ್ಸಿಗೆ ಇಷ್ಟು ಸಂತೋಷ ತಡೆದುಕೊಳ್ಳುವುದು ಹೇಗೆ ಎಂದು ತಿಳಿಯದೆ ಬರೆಯಲು ಕೂತಿದ್ದೇನೆ. ನಾನು ಓದಿದ್ದು ಮೂರನೇ ಇಯತ್ತೆ. ಕಾಗುಣಿತ ತಪ್ಪಿದರೆ ತಪ್ಪಲಿ.

ಡಬ್ಬಾದ ಕತೆ ಹೇಳಬೇಕಲ್ಲ. ಅದನ್ನು ಮಾಡಿಸಿದವರು ನನ್ನ ಯಜಮಾನರು. ಕಬ್ಬಿಣದ ಕೋನಪಟ್ಟಿಯ ಚೌಕಟ್ಟು, ಮೂರು ಕಡೆ ತಗಡು, ಮುಂದೆ ಶಟರು, ಕೆಳಗೆ ಹಲಗೆ. ಒಳಗೆ ಮಲಗಿದರೆ ನನ್ನ ತಲೆ ಒಂದು ಗೋಡೆಗೆ, ಕಾಲು ಇನ್ನೊಂದು ಗೋಡೆಗೆ ತಾಗುತ್ತದೆ, ಅಷ್ಟೇ. ಅದರಲ್ಲಿ ಅವರು ಬೀಡಿ, ಕಡ್ಡಿಪೆಟ್ಟಿಗೆ, ಸಬಕಾರ ಮಾರುತ್ತಿದ್ದರು. ನನ್ನ ತವರು ತಾಂಡೂರು. ನಮ್ಮಪ್ಪ ಅಲ್ಲಿ ಕಲ್ಲಿನ ಖಣಿಯಲ್ಲಿ ಫರಸಿ ಸೀಳುವ ಕೆಲಸದವನು. ಅಳಿಯ ಅಂಗಡಿ ಹಾಕುತ್ತಾನೆ ಎಂದು ಕೇಳಿ ಲಾರಿಯಲ್ಲಿ ಐದು ಕಲ್ಲು ಕಳಿಸಿದ. ನಾಲ್ಕು ಕಲ್ಲು ಡಬ್ಬಾದ ನಾಲ್ಕು ಕಾಲಿನ ಕೆಳಗೆ. ಐದನೆಯದು, ಎಲ್ಲಕ್ಕಿಂತ ದಪ್ಪನೆಯದು, ಬಾಗಿಲ ಮುಂದೆ ಕೂರುವುದಕ್ಕೆ.

ಮಗನಿಗೆ ಹತ್ತು ವರ್ಷವಿದ್ದಾಗ ಯಜಮಾನರು ಹೋದರು. ಮನೆಯಲ್ಲಿ ಕೂತು ಅಳು ಎಂದರು ಮಂದಿ. ಹದಿನಾರನೇ ದಿನ ಹೋಗಿ ಶಟರು ಎತ್ತಿದೆ. ಬೀಡಿ ಮಾರುವುದು ನನ್ನಿಂದ ಆಗಲಿಲ್ಲ, ಆ ವಾಸನೆಗೇ ತಲೆ ಸುತ್ತುತ್ತಿತ್ತು. ಬಾಣಲೆ ಇಟ್ಟು ಮಿರ್ಚಿ ಭಜಿ ಕರಿಯಲು ಶುರು ಮಾಡಿದೆ. ತೊಗರಿ, ಹೆಸರು ತಂದ ರೈತರು, ಚೀಲ ಹೊರುವ ಹಮಾಲರು, ಎಲ್ಲರೂ ಬಂದರು. ಮೂವತ್ತು ವರ್ಷ ಕರಿದೆ. ಆ ಐದನೇ ಕಲ್ಲಿನ ಮೇಲೆ ಮೊಮ್ಮಗಳು ಅಂಬೆಗಾಲಿಟ್ಟಳು, ಆ ಶಟರು ಹಿಡಿದೇ ಎದ್ದು ನಿಂತಳು.

ಎರಡು ವರ್ಷದ ಹಿಂದೆ ನನ್ನ ಮೊಣಕಾಲು ಕೈಕೊಟ್ಟವು. ಶಟರು ಇಳಿಯಿತು. ಡಬ್ಬಾ ತುಕ್ಕು ಹಿಡಿಯುತ್ತ ನಿಂತಿತು.

ಆಗ ಮೊಮ್ಮಗಳು ಜಹೀರಾಬಾದಿನಲ್ಲಿ ತನ್ನ ಚಿಕ್ಕವ್ವನ ಮನೆಯಲ್ಲಿದ್ದು ಮೊಬೈಲ್ ರಿಪೇರಿ ಕಲಿತಳು. ಕಲಿತು ಒಂದು ಅಂಗಡಿಯಲ್ಲಿ ಕೆಲಸಕ್ಕೂ ಸೇರಿದಳು. ಅಲ್ಲಿ ಇವಳನ್ನು ಪರದೆಯ ಹಿಂದೆ ಕೂರಿಸುತ್ತಿದ್ದರಂತೆ. ರಿಪೇರಿ ಮಾಡುವುದು ಇವಳು, ಗಿರಾಕಿಯ ಕೈಗೆ ಕೊಟ್ಟು ಶಾಬಾಸ್ ಅನ್ನಿಸಿಕೊಳ್ಳುವುದು ಮಾಲಕ. ಒಂದು ಹಬ್ಬಕ್ಕೆ ಊರಿಗೆ ಬಂದಾಗ ನನ್ನ ಕಾಲು ತಿಕ್ಕುತ್ತ ಕೇಳಿದಳು.

“ಆಯಿ, ನಿನ್ನ ಡಬ್ಬಾ ನನಗ ಕೊಡ್ತಿ?”

“ಅದರಾಗ ಮಿರ್ಚಿ ಕರೀತಿ?”

“ಪರದೆ ಇಲ್ಲದ ಕುಂದರ್ತೀನಿ.”

ಇಷ್ಟೇ ಅಂದಳು. ನಾನು ಆಗಲೇ ಕೊಟ್ಟುಬಿಟ್ಟೆ. ಆದರೆ ಅವಳ ಅಪ್ಪ, ಅಂದರೆ ನನ್ನ ಮಗ, ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ.

“ಯವ್ವಾ, ಆ ಡಬ್ಬಾ ನಾ ಗುಜರಿಗಿ ಹಾಕ್ಲತ್ತೀನಿ. ಸುಮ್ನ ಜಂಗ್ ಹಿಡ್ಕೊಂಡು ನಿಂತದ.”

“ಜಂಗ್ ಹಿಡದಿದ್ದು ಡಬ್ಬಾಕ್ಕಲ್ಲ, ನಿನ್ನ ತಲಿಗಿ.”

“ಹೆಣ್ಣುಡುಗಿ ಬೇ ಅಕಿ! ರೋಡಿನ ಮ್ಯಾಲ ಕುಂತು ಮಂದಿ ಫೋನ್ ಬಿಚ್ತಾಳೇನು? ಮೊಗುಡಂಪಲ್ಲಿಯವ್ರು ಏನಂದಾರ, ಮರ್ತಿ?”

ಮೊಗುಡಂಪಲ್ಲಿಯಿಂದ ಇವಳನ್ನು ನೋಡಲು ಗಂಡಿನವರು ಬಂದಿದ್ದರು. ಹುಡುಗಿ ಚಂದ, ಮನೆತನ ಚಂದ, ಆದರೆ ಅಂಗಡಿ-ಗಿಂಗಡಿ ನಮ್ಮಲ್ಲಿ ನಡೆಯುವುದಿಲ್ಲ ಎಂದು ಹೇಳಿ ಚಹಾ ಕುಡಿದು ಹೋಗಿದ್ದರು.

“ಮರ್ತಿಲ್ಲ. ಚಹಾಕ್ಕ ಸಕ್ಕರಿ ಜಾಸ್ತಿ ಆತು ಅಂದಿದ್ರು, ಅದೂ ನೆನಪದ,” ಎಂದೆ. “ನಿನಗ ಅನ್ನ ಹಾಕಿದ್ದು ಅದೇ ಡಬ್ಬಾ. ಅವಾಗ ನಿಮ್ಮವ್ವ ಏನು ಗಂಡಸಾಗಿದ್ದಳೇನು?”

ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಆದರೆ ಮರುದಿನ ನೋಡಿದರೆ ಮನೆಯ ಗೋಡೆಯ ಮೊಳೆಗೆ ತೂಗುಹಾಕಿದ್ದ ಡಬ್ಬಾದ ಬೀಗದ ಕೈ ಇರಲಿಲ್ಲ. ಅವನ ಅಂಗಿಯ ಜೇಬು ಸೇರಿತ್ತು.

ಅಷ್ಟರಲ್ಲಿ ಮೊಮ್ಮಗಳು ಜಹೀರಾಬಾದಿನಲ್ಲಿ ಜಾಗ ಹುಡುಕಿದಳು. ಒಬ್ಬ ಅಮ್ಮನವರ ಮನೆಯ ಕಾಂಪೌಂಡಿನ ಹೊರಗೆ, ಮೋರಿಗೆ ಅಂಟಿಕೊಂಡು ಒಂದು ತುಂಡು ನೆಲ. ಆ ಅಮ್ಮ ಒಂದು ಕರಾರು ಹಾಕಿದ್ದಳು: “ಸೋಮವಾರ ದೀಪ ಹಚ್ಚೋ ಹೊತ್ತಿಗಿ ನಿನ್ನ ಡಬ್ಬಾ ಇಲ್ಲಿ ನಿಂತಿರಬೇಕು ನೋಡವ್ವ. ಇಲ್ಲಂದ್ರ ಮಂಗಳವಾರ ಪಾನ್ ಡಬ್ಬಾದವ ಬರ್ತಾನ. ಅವಂಗ ಹೂಂ ಅಂದೀನಿ.” ಆ ಗಲ್ಲಿಯಲ್ಲಿ ಬೇರೆ ಜಾಗವಿರಲಿಲ್ಲ. ಸೋಮವಾರ ತಪ್ಪಿದರೆ ಮೊಮ್ಮಗಳು ಮತ್ತೆ ಪರದೆಯ ಹಿಂದೆ, ಅಥವಾ ಮೊಗುಡಂಪಲ್ಲಿಗೆ.

ಸೋಮವಾರ ಬೆಳಿಗ್ಗೆ ನಾನು ಮಾರ್ಕೆಟ್ಟಿಗೆ ಹೋದೆ. ಹಮಾಲರಿಗೆ ಹಿಂದಿನ ದಿನವೇ ಹೇಳಿದ್ದೆ. ಎಂಟು ಜನ ಬಂದು ನಿಂತಿದ್ದರು, ಎರಡು ಉದ್ದನೆಯ ಬಿದಿರು ಗಳ ಹಿಡಿದು. ಟ್ರ್ಯಾಕ್ಟರು ಟ್ರಾಲಿ ಸಮೇತ ಬಂದಿತ್ತು. ಡ್ರೈವರ್ ನಮ್ಮ ಓಣಿಯವನೇ, ಗಡ್ಡ ಬೆಳ್ಳಗಾದ ಸಾಹೇಬ. ನನ್ನ ಮಿರ್ಚಿಗೆ ಖಾರ ಕಡಿಮೆ ಎಂದು ಮೂವತ್ತು ವರ್ಷ ಜಗಳ ಮಾಡಿ ಮಾಡಿ ತಿಂದವನು.

“ಬೀಗ?” ಅಂದ ಸಾಹೇಬ.

“ಒಡೀರಿ.”

“ಮಗನ್ನ ಕೇಳ್ರಿ ಅವ್ವಾ, ಆಮ್ಯಾಲ ನನ್ನ ಮ್ಯಾಲ ಬರ್ತದ.”

“ಬೀಗ ನಂದು. ಶಟರು ನಂದು. ಮಗನೂ ನಂದೇ ಮಾಲು. ಒಡೀರಿ.”

ಹಮಾಲರಲ್ಲಿ ಒಬ್ಬ ಕಲ್ಲಿನಿಂದ ಎರಡೇಟು ಹಾಕಿದ. ಬೀಗ ಬಾಯಿ ಬಿಟ್ಟಿತು. ಶಟರು ಎತ್ತಿದಾಗ ಹಳೆಯ ಎಣ್ಣೆಯ ವಾಸನೆ ಮುಖಕ್ಕೆ ಬಂತು. 

ನಾನು ಸೆರಗಿನಲ್ಲಿ ಕಟ್ಟಿ ತಂದಿದ್ದನ್ನು ಬಿಚ್ಚಿದೆ. ಐದು ಹಿಡಿ ಅಕ್ಕಿ, ಒಂದು ತೆಂಗಿನಕಾಯಿ, ಅರಿಶಿಣದ ಕೊಂಬು, ಉತ್ತತ್ತಿ, ಎಲೆ ಅಡಿಕೆ, ಒಂದು ಹಸಿರು ಜಂಪರ್ ಖಣ. ನಮ್ಮಲ್ಲಿ ಹೆಣ್ಣುಮಗಳು ತವರಿನಿಂದ ಹೊರಟರೆ ಬರಿ ಉಡಿಯಲ್ಲಿ ಕಳಿಸುವುದಿಲ್ಲ, ಇದನ್ನೆಲ್ಲ ಮಡಿಲಿಗೆ ತುಂಬಿ ಕಳಿಸುತ್ತೇವೆ. ನನ್ನ ಡಬ್ಬಾ ಊರು ಬಿಟ್ಟು ಹೊರಟಿತ್ತು. ಅದನ್ನು ಬರಿದಾಗಿ ಕಳಿಸಲು ನನಗೆ ಮನಸ್ಸಾಗಲಿಲ್ಲ.

ಪಕ್ಕದ ಬಳೆ ಅಂಗಡಿಯವಳು ಓಡಿ ಬಂದಳು. ಒಳ್ಳೆಯವಳೇ.

“ಅಕ್ಕಾ, ಅಕ್ಕಾ, ತಡಿ. ನೀ ಹೆಂಗ ಉಡಿ ತುಂಬತಿ? ಇಲ್ಲಿ ಕೊಡು, ನಾ ತುಂಬತೀನಿ.”

ಅವಳು ಹೇಳಿದ್ದು ನನಗೆ ತಿಳಿಯಿತು. ಗಂಡ ಇಲ್ಲದವಳು ಉಡಿ ತುಂಬುವುದಿಲ್ಲ. ಮಗನ ಮದುವೆಯಲ್ಲಿ ನನ್ನ ಸೊಸೆಗೆ ನಾನು ತುಂಬಲಿಲ್ಲ. ಮೊಮ್ಮಗಳ ತೊಟ್ಟಿಲ ದಿನವೂ ಗೋಡೆಗೆ ಒರಗಿ ನಿಂತು, ಬೇರೆಯವರು ತುಂಬುವುದನ್ನು ನೋಡಿದ್ದೆ. ಹಣೆಯಲ್ಲಿ ವಿಭೂತಿ ಇದ್ದ ಮೇಲೆ ಶಿವನಿಗೆ ಇಲ್ಲದ ಭೇದ ಮಂದಿಗೆ ಯಾಕೆ ಎಂದು ಆಗಲೂ ಅನ್ನಿಸಿತ್ತು, ಬಾಯಿ ಬಿಟ್ಟಿರಲಿಲ್ಲ.

“ನನ್ನ ಡಬ್ಬಾ, ನನ್ನ ಕೈ,” ಎಂದೆ. “ಮೂವತ್ತು ವರ್ಷ ಇದೇ ಕೈಲೆ ಕರದಿದ್ದು ಊರೆಲ್ಲ ತಿಂದದ. ಯಾರಿಗೆ ಏನಾಗ್ಯಾದ?”

“ಖಾರ ಕಡಿಮಿ ಆಗಿತ್ತು,” ಅಂದ ಸಾಹೇಬ ಹಿಂದಿನಿಂದ.

ಎಲ್ಲರೂ ನಕ್ಕರು. ಬಳೆಯವಳೂ ನಕ್ಕಳು. ನಕ್ಕು ತಾನೇ ಒಂದು ಡಜನ್ ಹಸಿರು ಬಳೆ ತಂದು ಖಣದ ಮೇಲಿಟ್ಟಳು. ನಾನು ಹಲಗೆಯ ನಡುವೆ ಖಣ ಹಾಸಿ, ಅಕ್ಕಿ ಸುರಿದು, ಕಾಯಿ ಇಟ್ಟು, ನಾಲ್ಕೂ ತುದಿ ಸೇರಿಸಿ ಗಂಟು ಹಾಕಿದೆ. ಬಳೆಗಳನ್ನು ಡಬ್ಬಾದ ಒಳಗಿನ ಮೊಳೆಗೆ ತೂಗುಹಾಕಿದೆ. ಶಟರು ಇಳಿಸಿ ತಂತಿಯಿಂದ ಬಿಗಿದೆವು.

ಹಮಾಲರು ಗಳ ತೂರಿಸಿ ಹೈಸಾ ಅಂದರು. ಅಷ್ಟು ವರ್ಷ ಕೂತಿದ್ದ ಡಬ್ಬಾ ಒಂದು ಸಲ ಕಿರುಗುಟ್ಟಿ, ಮೇಲೆದ್ದು, ಟ್ರಾಲಿಯಲ್ಲಿ ಹೋಗಿ ನಿಂತಿತು. ಕೆಳಗೆ ನಾಲ್ಕು ಕಲ್ಲು ಮಾತ್ರ ಉಳಿದವು, ಮುಂದೆ ಐದನೆಯದು.

“ಕಲ್ಲೂ ಎತ್ರಿ,” ಎಂದೆ.

“ಜಹೀರಾಬಾದ್‌ನಾಗ ಕಲ್ಲು ಸಿಗಂಗಿಲ್ಲೇನ್ರಿ ಅವ್ವಾ?”

“ಸಿಗ್ತಾವ. ನಮ್ಮಪ್ಪ ಕಳಿಸಿದ್ದು ಸಿಗಂಗಿಲ್ಲ.”

ಕಲ್ಲು ಏರುವಾಗಲೇ ಮಗ ಬೈಕಿನಲ್ಲಿ ಬಂದ. ಒಡೆದ ಬೀಗ ನೋಡಿದ, ಟ್ರಾಲಿ ನೋಡಿದ, ನನ್ನನ್ನು ನೋಡಿದ. “ಮಂದಿ ನಗ್ತಾರ ಯವ್ವಾ,” ಅಂದ. “ನಗಲಿ. ನಾವೂ ಈಗಷ್ಟೇ ನಕ್ಕೀವಿ,” ಎಂದು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಹತ್ತಿ ಕೂತೆ. ಹತ್ತಲು ಹಮಾಲರು ಇಬ್ಬರು ನೂಕಬೇಕಾಯಿತು, ಅದು ಬೇರೆ ಮಾತು.

ಊರು ದಾಟಿ ಸ್ವಲ್ಪ ದೂರ ಹೋಗಿರಬೇಕು. ಹಿಂದಿನಿಂದ ಗಡ್, ಗಡ್, ಗಡ್ ಎಂದು ಸದ್ದು. ಸಾಹೇಬ ಟ್ರ್ಯಾಕ್ಟರು ನಿಲ್ಲಿಸಿ ಇಳಿದು ಟ್ರಾಲಿಯ ಗಾಲಿ ಒದ್ದು ನೋಡಿದ. ಸರಿ ಇತ್ತು. ಹೊರಟೆವು. ಮತ್ತೆ ಗಡ್ ಗಡ್. ಈ ಸಲ ಇಳಿದು ಟ್ರಾಲಿ ಸಿಕ್ಕಿಸುವ ಪಿನ್ನು ತೆಗೆದು, ಗ್ರೀಸ್ ಹಚ್ಚಿ, ಹಾಕಿದ. ಅದಕ್ಕೆ ಅರ್ಧ ತಾಸು. ಮತ್ತೆ ಹೊರಟರೆ ಮತ್ತೆ ಅದೇ.

ಮೂರನೇ ಸಲ ನಿಂತಾಗ ಮನೂರ್ ಕಡೆಗೆ ಹೋಗುವ ಒಂದು ಶೇರ್ ಆಟೋ ಪಕ್ಕಕ್ಕೆ ನಿಂತಿತು. ಅದರಲ್ಲಿದ್ದವರೆಲ್ಲ ಕತ್ತು ಹೊರಗೆ ಹಾಕಿದರು.

“ಒಳಗ ಏನದ? ಹೋತ ಕಟ್ಟೀರೇನು?” ಎಂದು ಒಬ್ಬ ಕೇಳಿದ.

ಸಾಹೇಬ ತಗಡಿಗೆ ಕಿವಿ ಹಚ್ಚಿ ನಿಂತಿದ್ದ. ನನಗೆ ಎರಡನೇ ಸಲವೇ ತಿಳಿದಿತ್ತು, ಹೇಳಲು ಧೈರ್ಯ ಬಂದಿರಲಿಲ್ಲ. ಈಗ ಹೇಳಿದೆ.

“ಸಾಹೇಬ್ರೇ, ತೆಂಗಿನಕಾಯಿ ಅದು. ಗಂಟು ಸಡಲ್ಯಾದ.”

ಅವನು ನನ್ನನ್ನೇ ನೋಡಿದ. “ಯಾ ಅಲ್ಲಾ! ಒಂದು ಕಾಯಿ ಸಲುವಾಗಿ ಅರ್ಧ ಟ್ರ್ಯಾಕ್ಟರ್ ಬಿಚ್ಚೀನಿ ನಾ. ತಂತಿ ತಗೀರಿ, ಕಾಯಿ ತಗೊಂಡು ಮಡಲಾಗ ಇಟ್ಕೋರಿ.”

“ಆಗಂಗಿಲ್ಲ.”

“ಯಾಕ?”

“ಉಡಿ ನಡುದಾರ್ಯಾಗ ಬಿಚ್ಚಂಗಿಲ್ಲ. ಮನಿ ಮುಟ್ಟಿದ ಮ್ಯಾಲೇ.”

“ಅವ್ವಾ, ಅದು ತಗಡು!”

“ತಗಡಾದ್ರ ಏನಾತು? ಹೊಂಟಿದ್ದು ಖರೇ ಅದ, ಹೌದಿಲ್ಲೋ?”

ಆಟೋದಲ್ಲಿದ್ದ ಒಬ್ಬ ಮುದುಕಿ ನನ್ನ ಪರ ವಹಿಸಿದಳು. “ಅಕಿ ಹೇಳೋದು ಬರೋಬ್ಬರಿ ಅದ, ಬಿಚ್ಚಬ್ಯಾಡ ನೀ,” ಎಂದು ಸಾಹೇಬನಿಗೇ ಗದರಿದಳು. ಅವನು ಕೈ ಮುಗಿದು ಏರಿ ಕೂತ. ಆದರೆ ಸದ್ದು ಜೋರಾದಾಗಲೆಲ್ಲ ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಹೀಗೆ ಗಡಗಡ ಮಾಡುತ್ತ, ನಿಂತು ನಿಂತು ಹೋದೆವು. ಹೊತ್ತು ಇಳಿಯತೊಡಗಿತು. ನನಗೆ ಒಳಗೊಳಗೇ ಹೆದರಿಕೆ. ಉಡಿಯ ಹಟದಲ್ಲಿ ಜಾಗವನ್ನೇ ಕಳೆದುಬಿಟ್ಟೆನೇ ಎಂದು. ಬಾಯಲ್ಲಿ ಮಾತ್ರ, “ಇನ್ನೂ ಬಿಸಲು ಅದ, ನಡೀರಿ,” ಎನ್ನುತ್ತಲೇ ಇದ್ದೆ.

ಜಹೀರಾಬಾದಿನ ಆ ಗಲ್ಲಿಗೆ ಮುಟ್ಟಿದಾಗ ಬಿಸಿಲು ಗೋಡೆಗಳ ತುದಿಗೆ ಏರಿತ್ತು. ಮೊಮ್ಮಗಳು ಗಲ್ಲಿಯ ಬಾಯಲ್ಲೇ ನಿಂತಿದ್ದಳು, ಕೈಯೆಲ್ಲ ಮಣ್ಣು. ಬೆಳಗಿನಿಂದ ತಾನೇ ಸಲಿಕೆ ಹಿಡಿದು ನೆಲ ಸಮ ಮಾಡಿದ್ದಳು. ಜಾಗದ ಅಮ್ಮ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಆ ಕಡೆ ಗೋಡೆಗೆ ಒರಗಿ ಪಾನ್ ಡಬ್ಬಾದವನು, ನಗುತ್ತ.

“ಎಷ್ಟೊತ್ತಾತು ಆಯಿ! ಫೋನ್ ಯಾಕ ಎತ್ತಲಿಲ್ಲ?”

“ಅದು ಸತ್ತು ಎರಡು ತಿಂಗಳಾತು. ನಿನ್ನ ಕಡಿಂದಲೇ ರಿಪೇರಿ ಆಗಲಿ ಅಂತ ಇಟ್ಟೀನಿ.”

ಆದರೆ ಇಳಿಸುವವರು ಯಾರು? ಹಮಾಲರು ನಾರಾಯಣಖೇಡದಲ್ಲಿ ಉಳಿದಿದ್ದರು. ಇದು ನನ್ನ ತಪ್ಪು. ಏರಿಸುವುದನ್ನು ಯೋಚಿಸಿದ್ದೆ, ಇಳಿಸುವುದನ್ನು ಯೋಚಿಸಿರಲಿಲ್ಲ. ಸಾಹೇಬ ಆಟೋ ಸ್ಟ್ಯಾಂಡಿಗೆ ಹೋಗಿ ಆರು ಜನರನ್ನು ಕರೆತಂದ. ತನ್ನನ್ನೂ ಸೇರಿಸಿ ಏಳು. ಮೂರು ಮೂಲೆಗೆ ಇಬ್ಬಿಬ್ಬರು ಹೆಗಲು ಕೊಟ್ಟರು. ನಾಲ್ಕನೇ ಮೂಲೆಯಲ್ಲಿ ಸಾಹೇಬ ಒಬ್ಬನೇ. ಮೊಮ್ಮಗಳು ಅಲ್ಲಿಗೆ ಹೋಗಿ ಸೆರಗು ಬಿಗಿದಳು.

ಆಗ ಹಿಂದಿನಿಂದ ಬೈಕು ನಿಂತ ಸದ್ದು. ಮಗ. ದಾರಿಯುದ್ದಕ್ಕೂ ನಮ್ಮ ಹಿಂದೆಯೇ ಬಂದಿದ್ದನಂತೆ, ನಾವು ನಿಂತಾಗ ತಾನೂ ದೂರ ನಿಂತು. ಅವನು ಯಾರ ಮುಖವನ್ನೂ ನೋಡಲಿಲ್ಲ. ಮಗಳನ್ನು ಪಕ್ಕಕ್ಕೆ ಸರಿಸಿ ಆ ಮೂಲೆಗೆ ತನ್ನ ಹೆಗಲು ಕೊಟ್ಟ. “ಎತ್ರಿ,” ಅಂದ, ಅಷ್ಟೇ.  ನಾಲ್ಕು ಕಲ್ಲು ನಾಲ್ಕು ಮೂಲೆಗೆ ಇಟ್ಟಾಗಿತ್ತು. ಡಬ್ಬಾ ಅವುಗಳ ಮೇಲೆ ತನ್ನ ಹಳೆಯ ಗುರುತಿಗೇ ಸರಿಯಾಗಿ ಕೂತಿತು.

ಪಾನ್ ಡಬ್ಬಾದವನು ಗೋಡೆ ಬಿಟ್ಟು ಮುಂದೆ ಬಂದ. “ಅಮ್ಮೋರೆ, ಗಿರಾಕಿ ಹೆಂಗ ಬರ್ತಾರ? ನಡುವ ಮೋರಿ ಅದ. ಮೋರಿ ಮುಚ್ಚಬೇಕು ಅಂತ ನನಗ ಹೇಳಿದ್ರಿ.”

ಅಮ್ಮ ಮೋರಿಯ ಕಡೆ ನೋಡಿದಳು. “ಹೌದು. ದಾಟಾಕ ಒಂದು ಕಲ್ಲು, ಹತ್ತಾಕ ಒಂದು ಮೆಟ್ಟಲು. ಅದೂ ಆಗಬೇಕು. ನನ್ನ ಕಾಂಪೌಂಡ್ ತುಳದು ಯಾರೂ ಬರಬಾರದು.”

ನಮ್ಮಲ್ಲಿ ಇದ್ದದ್ದು ಒಂದೇ ಕಲ್ಲು, ಆ ಐದನೆಯದು. ಅದನ್ನು ಮೋರಿಗೆ ಹಾಕಿದರೆ ಮೆಟ್ಟಿಲಿಲ್ಲ, ಮೆಟ್ಟಿಲಿಗೆ ಹಾಕಿದರೆ ಮೋರಿ ಬಾಯಿ ತೆರೆದಿರುತ್ತದೆ. ಮಗ ಮತ್ತು ಸಾಹೇಬ ಅದನ್ನು ಟ್ರಾಲಿಯಿಂದ ಇಳಿಸಿದರು. ಅದರ ತೂಕ ಮಗನಿಗೆ ಗೊತ್ತಿರಲಿಲ್ಲ. ಚಿಕ್ಕಂದಿನಿಂದ ಅದರ ಮೇಲೆ ಕೂತವನು, ಎಂದೂ ಎತ್ತಿದವನಲ್ಲ. ಅವನ ಕೈ ಜಾರಿತು. ಕಲ್ಲು ಅಂಚು ಊರಿ ನೆಲಕ್ಕೆ ಬಿದ್ದು ಟಪ್ ಎಂದಿತು.

 ಮಗ ಎರಡೂ ಕೈ ಗಾಳಿಯಲ್ಲಿ ಬಿಟ್ಟು ನಿಂತಿದ್ದ. ಹತ್ತು ವರ್ಷದವನಿದ್ದಾಗ ಕಡಲೆಹಿಟ್ಟಿನ ಬೋಗುಣಿ ಚೆಲ್ಲಿ ಹೀಗೇ ನಿಂತಿದ್ದ. ಬಾಯಿ ಸೊಟ್ಟ, ಕಣ್ಣು ನನ್ನ ಕಡೆ.

“ಯವ್ವಾ, ಒಡೀತು. ತಾಂಡೂರ ಮುತ್ಯಾನ ಕಲ್ಲು…”

ನಾನು ಬಗ್ಗಿ ನೋಡಿದೆ. ನೋಡಿ ಜೋರಾಗಿ ನಕ್ಕೆ. ಎಲ್ಲರಿಗೂ ಮುದುಕಿಗೆ ಏನೋ ಆಯಿತು ಅನ್ನಿಸಿರಬೇಕು. ನಾನು ಖಣಿಯವನ ಮಗಳು. ತಾಂಡೂರಿನ ಕಲ್ಲು ಪದರು ಪದರಾಗಿ ಹುಟ್ಟುತ್ತದೆ. ನಮ್ಮಪ್ಪ ಅಂಚಿಗೆ ಉಳಿ ಇಟ್ಟು ಬಡಿದು, ರೊಟ್ಟಿಯ ಮೇಲ್ಪದರು ಬಿಡಿಸಿದ ಹಾಗೆ ಬಿಡಿಸುತ್ತಿದ್ದ. ಬಾಲ್ಯದಲ್ಲಿ ಅದನ್ನು ನೋಡುತ್ತ ಬುತ್ತಿ ಹಿಡಿದು ನಿಂತಿರುತ್ತಿದ್ದೆ.

“ಒಡದಿಲ್ಲೋ ಮಗನೇ. ಬಿಚ್ಚ್ಯಾದ. ಅಂಚಿಗಿ ಬೆರಳು ಹಾಕು, ನೋಡು.”

ಅವನು ಹಾಕಿದ. ಉದ್ದಕ್ಕೂ ಕೂದಲಿನಂಥ ಒಂದು ಗೆರೆ. ಸಾಹೇಬ ಸ್ಪ್ಯಾನರು ತುದಿಯಿಂದ ಮೆಲ್ಲಗೆ ಮೀಟಿದ. ಕಲ್ಲು ಎರಡಾಗಿ ಎದ್ದು ಬಂತು. ಎರಡೂ ಇಡಿ ಕಲ್ಲು, ಎಲ್ಲೂ ಚೂರು ಹೋಗಿಲ್ಲ. ಒಂದರ ಮೈ ಮೂವತ್ತು ವರ್ಷ ಕೂತು ಎದ್ದು ನುಣುಪಾಗಿತ್ತು. ಇನ್ನೊಂದರ ಮೈ ಆಗಷ್ಟೇ ಬೆಳಕು ನೋಡಿದ್ದು, ನೀಲಿ.

ದಪ್ಪನೆಯದು ಮೋರಿಯ ಮೇಲೆ, ತೆಳ್ಳನೆಯದು ಎರಡು ಇಟ್ಟಂಗಿಯ ಮೇಲೆ ಮೆಟ್ಟಿಲಾಗಿ ಕೂತವು. ಪಾನ್ ಡಬ್ಬಾದವನು ಯಾವಾಗ ಹೋದನೋ ನಾನು ನೋಡಲಿಲ್ಲ.

ಅಮ್ಮ ಎದ್ದು ಒಳಗೆ ಹೋಗಿ ದೀಪ ಹಚ್ಚಿ ಬಂದಳು. ತಂತಿ ಬಿಚ್ಚಿ ಶಟರು ಎತ್ತಿದೆವು. ಅಕ್ಕಿ ಹಲಗೆಯ ತುಂಬ ಹರಡಿತ್ತು, ಬಳೆಯಲ್ಲಿ ಒಂದೂ ಒಡೆದಿರಲಿಲ್ಲ, ಕಾಯಿ ಮೂಲೆಯಲ್ಲಿ ಸುಮ್ಮನೆ ಕೂತಿತ್ತು.

“ಉಡಿ ಯಾರು ತುಂಬಿದ್ರು?” ಎಂದು ಅಮ್ಮ ನನ್ನ ಹಣೆ ನೋಡುತ್ತ ಕೇಳಿದಳು.

“ನಾನೇ. ಯಾಕ್ರಿ?”

ಅವಳು ಬಗ್ಗಿ ಹಲಗೆಯಿಂದ ಒಂದು ಹಿಡಿ ಅಕ್ಕಿ ಎತ್ತಿಕೊಂಡಳು. “ಏನಿಲ್ಲ. ಚೆಲ್ಲಿದ ಅಕ್ಕಿ ಆರಿಸಿ ಕೊಡ್ರಿ, ಇವತ್ತು ನಮ್ಮ ಮನ್ಯಾಗೇ ಅನ್ನ ಮಾಡ್ತೀನಿ. ಎಲ್ಲಾರೂ ಉಣ್ರಿ,” ಅಂದಳು.

ಮೊಮ್ಮಗಳು ಅಮ್ಮನ ಮನೆಯಿಂದ ವೈರು ಎಳೆದು ಒಂದು ಬಲ್ಬು ಹಚ್ಚಿಕೊಂಡು ಕೂತಳು. ಮೊದಲ ಫೋನು ನನ್ನದು. ಕ್ಷಣದಲ್ಲಿ ಬಿಚ್ಚಿ, ಬ್ರಶ್ಶಿನಿಂದ ತಿಕ್ಕಿ, ಏನೋ ಒಂದನ್ನು ಬೆಸೆದು ಕೊಟ್ಟಳು. “ಯಾರಿಗರ ಹಚ್ಚಿ ನೋಡು ಆಯಿ.”

ಮಗ ಮೋರಿಯ ಆಚೆ ಬೈಕಿಗೆ ಒರಗಿ ನಿಂತಿದ್ದ, ಬೆನ್ನು ನಮ್ಮ ಕಡೆ. ಕಲ್ಲು ಹಾಕಿದವನು ತಾನೇ ಆದರೂ ದಾಟಿರಲಿಲ್ಲ. ನಾನು ಅವನಿಗೇ ಹಚ್ಚಿದೆ. ಅವನ ಜೇಬಿನಲ್ಲಿ ರಿಂಗಾಯಿತು. ನೋಡದೆಯೇ ಕಿವಿಗೆ ಹಿಡಿದ.

“ಹಲೋ, ಯಾರು?”

“ನಿಮ್ಮವ್ವ.”

ಅವನು ತಿರುಗಲಿಲ್ಲ. ಫೋನು ಮಾತ್ರ ಕಿವಿಗೆ ಒತ್ತಿಕೊಂಡ.

“ಕೇಳ್ಲತ್ತದೇನು?” ಎಂದೆ.

“ಛಲೋ ಕೇಳ್ಲತ್ತದ ಯವ್ವಾ.”

“ನಿನ್ನ ಮಗಳು ಮಾಡಿದ್ದು. ಮೊಗುಡಂಪಲ್ಲಿಯವ್ರಿಗಿ ಹೇಳು. ಈಗ ಫೋನ್ ಇಡು, ಕಲ್ಲು ದಾಟಿ ಬಾ, ಅನ್ನ ಆರ್ಲತ್ತದ.”

ಅವನು ದಾಟಿ ಬಂದ. ಬಂದವನು ಜೇಬಿಗೆ ಕೈ ಹಾಕಿ, ಇನ್ನು ಯಾವ ಬೀಗವೂ ಇಲ್ಲದ ಆ ಕೀಲಿಕೈಯನ್ನು ತೆಗೆದು, ಬಳೆ ತೂಗುಹಾಕಿದ್ದ ಮೊಳೆಗೇ ಸಿಕ್ಕಿಸಿದ.

ಮೊಗುಡಂಪಲ್ಲಿಯವರು ಆಮೇಲೆ ಬರಲಿಲ್ಲ. ಬರದಿದ್ದರೆ ಬಿಡಲಿ. ನಾನು ವಾರಕ್ಕೊಮ್ಮೆ ನಾರಾಯಣಖೇಡದಿಂದ ಬಸ್ಸು ಹತ್ತಿ ಹೋಗುತ್ತೇನೆ, ಮೆಟ್ಟಿಲ ಕಲ್ಲಿನ ಒಂದು ತುದಿಗೆ ಕೂರುತ್ತೇನೆ. ಗಿರಾಕಿಗಳು ಬಂದು ಒಳಗೆ ಇಣುಕಿ, ಹುಡುಗಿಯನ್ನು ನೋಡಿ, ಮತ್ತೆ ನನ್ನ ಕಡೆ ತಿರುಗಿ ಕೇಳುತ್ತಾರೆ: “ಅಮ್ಮಾ, ರಿಪೇರಿ ಮಾಡೋ ಅಣ್ಣ ಎಲ್ಲಿ ಹೋಗ್ಯಾನ?”

“ಅಣ್ಣ-ಗಿಣ್ಣ ಯಾರೂ ಇಲ್ಲ,” ಎನ್ನುತ್ತೇನೆ, ಗಲ್ಲಿಗೆಲ್ಲ ಕೇಳುವ ಹಾಗೆ. “ಎದುರಿಗೇ ಕುಂತಾಳ, ನೋಡ್ರಿ. ಫೋನ್ ಅಕಿ ಕೈಯಾಗ ಕೊಡ್ರಿ.”